ಹಾಸನದಲ್ಲೇ ಕೂತು ಕವಿತಾ ಪತ್ರಿಕೆ ತರುವುದು ಹೇಗೆ?

"ನಮ್ಮೂರಿನಿಂದ ಕವಿತೆಗೆಂದೇ ಒಂದು ಪತ್ರಿಕೆ ತರಬೇಕು, ಎಲ್ಲಿಂದ ಶುರು ಮಾಡಲಿ?" ಈ ಪ್ರಶ್ನೆ ಅರಸೀಕೆರೆಯಿಂದಲೂ ಬರುತ್ತದೆ, ಕೊಪ್ಪದಿಂದಲೂ ಬರುತ್ತದೆ. ಕೇಳುವವರ ಬಳಿ ಸಾಮಾನ್ಯವಾಗಿ ಪತ್ರಿಕೆಯ ಹೆಸರು ಸಿದ್ಧವಿರುತ್ತದೆ, ಮೊದಲ ಸಂಚಿಕೆಯ ಮುಖಪುಟವೂ ಸಿದ್ಧವಿರುತ್ತದೆ. ಇಲ್ಲದಿರುವುದು ವಿಳಾಸದ ಪುಸ್ತಕ. ಕನ್ನಡದಲ್ಲಿ ಕವಿತೆಗೆ ಎಂದೂ ಬರ ಬಂದಿಲ್ಲ. ಸಣ್ಣ ಪತ್ರಿಕೆ ನಿಲ್ಲುವುದು ಮೂರನೆಯ ಸಂಚಿಕೆಯ ಕಟ್ಟುಗಳು ಬಿಚ್ಚದೆ ಅಟ್ಟ ಸೇರಿದಾಗ. ಹಾಗಾಗಿ ಇಲ್ಲಿ ಸಂಪಾದಕೀಯ ಬರೆಯುವುದು ಹೇಗೆಂದು ಹೇಳಿಲ್ಲ. ವಿಳಾಸ, ತೂಕ, ಪ್ರೂಫ್, ಅಂಚೆ ಇವುಗಳಿಗೇ ಹೆಚ್ಚು ಜಾಗ ಕೊಟ್ಟಿದೆ.

ಬೆಂಗಳೂರಿನಲ್ಲೇ ಇರಬೇಕೆಂಬ ನಿಯಮವೇನಿಲ್ಲ. ಕವಿ ಚಂಪಾ (ಚಂದ್ರಶೇಖರ ಪಾಟೀಲ) ಮತ್ತು ಗೆಳೆಯರ ಸಾಹಿತ್ಯ ಪತ್ರಿಕೆ 'ಸಂಕ್ರಮಣ' ಹೊರಟದ್ದು ಧಾರವಾಡದಿಂದ.

ಬೇಕಾಗುವುದು ಇಷ್ಟು: ಕವಿತೆ ಓದಿ ಜಗಳವಾಡಬಲ್ಲ ಇಬ್ಬರು ಜೊತೆಗಾರರು, ಲೆಕ್ಕ ಇಡುವ ಒಬ್ಬರು, ಪತ್ರಿಕೆಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ, ಒಂದು ಇಮೇಲ್ ವಿಳಾಸ, ಮತ್ತೆ ಎರಡು ಸಂಚಿಕೆಗೆ ಸಾಲುವಷ್ಟು ದುಡ್ಡು. ಒಂದೇ ಸಂಚಿಕೆಗೆ ಸಾಲುವಷ್ಟಿದ್ದರೆ ಇನ್ನೂ ಸ್ವಲ್ಪ ದಿನ ಕಾಯಿರಿ.

1. ಮೊದಲು ಓದುಗರು

ಕವಿತೆ ಕರೆಯುವ ಮುಂಚೆ ಚಂದಾದಾರರನ್ನು ಹುಡುಕಿ, ಹಣ ಪಡೆಯುವುದು ಮಾತ್ರ ನೋಂದಣಿಯಾದ ಮೇಲೆ (3ನೆಯ ಭಾಗ ನೋಡಿ). ಇನ್ನೂರು ಜನರ ಗುರಿ ಇಟ್ಟುಕೊಳ್ಳಿ. ನೂರು ದಾಟುವವರೆಗೆ ಅಚ್ಚಿನ ಮಾತೇ ಬೇಡ. ಒಂದು ಗೆರೆ ಹಾಕಿದ ರಿಜಿಸ್ಟರ್ ಸಾಕು, ಎಕ್ಸೆಲ್ ಆದರೂ ಆದೀತು. ಕಾಲಂಗಳು: ಕ್ರಮಸಂಖ್ಯೆ, ಹೆಸರು, ಮನೆ ಅಥವಾ ಎಸ್ಟೇಟಿನ ಹೆಸರು, ಊರು, ಅಂಚೆ, ಹೋಬಳಿ, ತಾಲ್ಲೂಕು, ಪಿನ್, ಮೊಬೈಲ್, ಹಣ ಬಂದ ದಿನ, ಕೊನೆಯ ಸಂಚಿಕೆಯ ಸಂಖ್ಯೆ.

"ಅಂಚೆ" ಮತ್ತು "ಹೋಬಳಿ" ಎರಡನ್ನೂ ಬಿಡಬೇಡಿ. ಹೊಸಹಳ್ಳಿ, ಹೊಸೂರು ಎಂಬ ಊರುಗಳು ತಾಲ್ಲೂಕಿಗೆ ನಾಲ್ಕಿರುತ್ತವೆ. ಕಾಫಿ ಸೀಮೆಯಲ್ಲಿ ಇನ್ನೊಂದು ತೊಡಕಿದೆ. ತೋಟ ಒಂದು ಜಿಲ್ಲೆಯಲ್ಲಿದ್ದು, ಅವರು ಸಂತೆಗೆ ಹೋಗುವ ಪೇಟೆ ಇನ್ನೊಂದು ಜಿಲ್ಲೆಯಲ್ಲಿರಬಹುದು. ಸಕಲೇಶಪುರದ ಪಿನ್ 573134, ಮೂಡಿಗೆರೆಯದು 577132. ಪೇಟೆಯ ಪಿನ್ ಬರೆದರೆ ಪತ್ರಿಕೆ ಹಾಸನ ಸುತ್ತಿ ಚಿಕ್ಕಮಗಳೂರಿಗೆ ಹೋಗುತ್ತದೆ. "ನಿಮಗೆ ಕಾಗದ ತಂದುಕೊಡುವ ಅಂಚೆಯಣ್ಣ ಯಾವ ಊರಿನ ಅಂಚೆ ಕಚೇರಿಯವರು?" ಎಂದು ಕೇಳಿ ಬರೆದುಕೊಳ್ಳಿ.

ಎಚ್ಚರಿಕೆ: ಆಜೀವ ಚಂದಾ ಬೇಡವೇ ಬೇಡ. ಮೊದಲ ತಿಂಗಳಲ್ಲಿ ಕೈತುಂಬ ದುಡ್ಡು ಬಂದಂತೆ ಕಾಣುತ್ತದೆ, ಅದು ಮೊದಲೆರಡು ಸಂಚಿಕೆಯ ಚೆಂದದ ಕಾಗದಕ್ಕೆ ಖರ್ಚಾಗುತ್ತದೆ. ಆಮೇಲೆ ಅಷ್ಟೂ ಜನಕ್ಕೆ ಬದುಕಿಡೀ ಪತ್ರಿಕೆ ಕಳಿಸುವ ಸಾಲ ಮಾತ್ರ ಉಳಿಯುತ್ತದೆ. ವಾರ್ಷಿಕ ಚಂದಾ, ನಾಲ್ಕು ಸಂಚಿಕೆ, ಅಷ್ಟೇ. ಯುಪಿಐನಲ್ಲಿ ಹಣ ಹಾಕಿದವರು ವಿಳಾಸ ಕಳಿಸುವುದನ್ನು ಮರೆಯುತ್ತಾರೆ. ಹಣ ಬಂದ ದಿನವೇ ಫೋನ್ ಮಾಡಿ ಕೇಳಿಕೊಳ್ಳಿ.

2. ತಿಂಗಳು ಗೊತ್ತುಮಾಡಿ

ಮಾಸಿಕ ಬೇಡ, ತ್ರೈಮಾಸಿಕ ಸಾಕು. ನಮ್ಮ ಕಡೆಗೆ ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ ಹೊಂದುತ್ತವೆ. ಫೆಬ್ರವರಿ ಕೊನೆಯ ಹೊತ್ತಿಗೆ ಕಾಫಿ ಕುಯ್ಲಿನ ಗಡಿಬಿಡಿ ಇಳಿದಿರುತ್ತದೆ, ತೋಟದ ಓದುಗರು ಕೈಗೆ ಸಿಗುತ್ತಾರೆ. ಮೇ ಸಂಚಿಕೆ ಮಳೆ ಹಿಡಿಯುವ ಮುಂಚೆ ಎಲ್ಲರ ಮನೆ ಸೇರಿರಬೇಕು. ನವೆಂಬರಿನದನ್ನು ರಾಜ್ಯೋತ್ಸವಕ್ಕೆ ಬಿಡುಗಡೆ ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಮುದ್ರಣಾಲಯಗಳಿಗೆ ಆ ಹದಿನೈದು ದಿನ ಆಹ್ವಾನ ಪತ್ರಿಕೆ, ಫ್ಲೆಕ್ಸಿನ ಕೆಲಸದಲ್ಲಿ ಉಸಿರಾಡಲೂ ಬಿಡುವಿರುವುದಿಲ್ಲ. ಸಾಲದ್ದಕ್ಕೆ ದೀಪಾವಳಿಯ ಆಸುಪಾಸಿನಲ್ಲಿ ಹಾಸನಾಂಬೆಯ ಬಾಗಿಲು ತೆಗೆದಿದ್ದರೆ ಹಾಸನ ಪೇಟೆಯೊಳಗೆ ಒಂದು ಆಟೋ ಹಿಡಿಯುವುದೂ ಕಷ್ಟ. ನವೆಂಬರ್ 20ರ ನಂತರ ಇಟ್ಟುಕೊಳ್ಳಿ.

3. ಹೆಸರು ಮತ್ತು ನೋಂದಣಿ

1867ರ ಹಳೆಯ ಕಾಯ್ದೆಯ ಜಾಗದಲ್ಲಿ 2023ರ ಪತ್ರಿಕೆ ಮತ್ತು ನಿಯತಕಾಲಿಕಗಳ ನೋಂದಣಿ ಕಾಯ್ದೆ ಬಂದಿದೆ, 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಹಿಂದೆ ಆರ್‌ಎನ್‌ಐ ಎನ್ನುತ್ತಿದ್ದ ಕಚೇರಿ ಈಗ ಪ್ರೆಸ್ ರಿಜಿಸ್ಟ್ರಾರ್ ಜನರಲ್ ಆಫ್ ಇಂಡಿಯಾ. ಅರ್ಜಿ ಪ್ರೆಸ್ ಸೇವಾ ಪೋರ್ಟಲ್‌ನಲ್ಲಿ ಆನ್‌ಲೈನಾಗಿಯೇ ಹೋಗುತ್ತದೆ. ಶೀರ್ಷಿಕೆ ಮತ್ತು ನೋಂದಣಿ ಎರಡಕ್ಕೂ ಒಟ್ಟಿಗೇ ಅರ್ಜಿ ಹಾಕಬಹುದು.

ಅದೇ ಭಾಷೆಯಲ್ಲಿ ಅಥವಾ ಅದೇ ರಾಜ್ಯದಲ್ಲಿ ಬೇರೆಯವರ ಬಳಿ ಇರುವ ಹೆಸರು, ಅದನ್ನು ಹೋಲುವ ಹೆಸರು ಎರಡೂ ಸಿಗುವುದಿಲ್ಲ. ಒಂದೇ ಪದದ ಚೆಂದದ ಹೆಸರುಗಳು ಬಹುಪಾಲು ಯಾರದೋ ಕೈಯಲ್ಲಿವೆ. ಆದ್ದರಿಂದ ಮುಖಪುಟದ ಚಿತ್ರ ಬರೆಸುವ ಮುಂಚೆ ನಾಲ್ಕೈದು ಹೆಸರು ಯೋಚಿಸಿಟ್ಟುಕೊಂಡು ಪೋರ್ಟಲ್‌ನಲ್ಲಿ ಹುಡುಕಿ ನೋಡಿ.

"ಕವಿತೆ ಮಾತ್ರ ಹಾಕುತ್ತೇವೆ, ನೋಂದಣಿ ಯಾಕೆ?" ಎಂದು ಕೇಳುವವರಿದ್ದಾರೆ. ಕಾಯ್ದೆ ಹೇಳುವ ನಿಯತಕಾಲಿಕ ಎಂದರೆ ಗೊತ್ತಾದ ಅವಧಿಗೊಮ್ಮೆ ಬರುವ, ಸಾರ್ವಜನಿಕ ಸುದ್ದಿ ಅಥವಾ ಅದರ ಮೇಲಿನ ಟೀಕೆ ಟಿಪ್ಪಣಿ ಇರುವ ಪ್ರಕಟಣೆ. ನಿಮ್ಮ ಪತ್ರಿಕೆಯಲ್ಲಿ ಪ್ರಶಸ್ತಿಯ ಸುದ್ದಿ, ಸಮ್ಮೇಳನದ ಮೇಲೊಂದು ಸಂಪಾದಕೀಯ ಬಂದೇ ಬರುತ್ತದೆ. ವಾದ ಮಾಡುತ್ತಾ ಕೂರುವುದಕ್ಕಿಂತ ಚಂದಾ ಹಣ ಮುಟ್ಟುವ ಮೊದಲು ನೋಂದಾಯಿಸುವುದು ವಾಸಿ. ಸುಮ್ಮನೆ ಕೈ ಪಳಗಿಸಿಕೊಳ್ಳಬೇಕೆಂದರೆ ಸಂಚಿಕೆ ಸಂಖ್ಯೆ ಹಾಕದೆ ಒಂದು ಕವನ ಸಂಕಲನವನ್ನು ಪುಸ್ತಕವಾಗಿ ತನ್ನಿ.

ಕಾಲೇಜಿನ ಮೇಷ್ಟ್ರುಗಳು "ಐಎಸ್‌ಎಸ್‌ಎನ್ ಇದೆಯೇ?" ಎಂದು ಕೇಳುತ್ತಾರೆ. ನಿಯತಕಾಲಿಕಗಳಿಗೆ ಕೊಡುವ ಎಂಟು ಅಂಕಿಯ ಗುರುತಿನ ಸಂಖ್ಯೆ ಅದು. ದೆಹಲಿಯ ಸಿಎಸ್‌ಐಆರ್ ಸಂಸ್ಥೆಯಲ್ಲಿರುವ ರಾಷ್ಟ್ರೀಯ ಕೇಂದ್ರ ಅದನ್ನು ಉಚಿತವಾಗಿ ಕೊಡುತ್ತದೆ. ಕೊಡಿಸುತ್ತೇನೆಂದು ದುಡ್ಡು ಕೇಳುವವರನ್ನು ದೂರವಿಡಿ. ಕವಿತೆಯ ಗುಣಕ್ಕೂ ಆ ಸಂಖ್ಯೆಗೂ ಸಂಬಂಧವಿಲ್ಲ.

4. ಕವಿತೆ ಕರೆಯುವುದು, ಆರಿಸುವುದು

ಪ್ರಕಟಣೆಯಲ್ಲಿ ಇಷ್ಟು ಸ್ಪಷ್ಟವಾಗಿರಲಿ: ಒಬ್ಬರಿಂದ ಮೂರು ಕವಿತೆ ಮಾತ್ರ, ಯೂನಿಕೋಡ್‌ನಲ್ಲಿ, ಜೊತೆಗೆ ಅದೇ ಕವಿತೆಯ ಪಿಡಿಎಫ್ ಅಥವಾ ಕೈಬರಹದ ಫೋಟೊ. ಈ ಕೊನೆಯದು ಏಕೆಂದರೆ ವಾಟ್ಸಾಪಿನಲ್ಲಿ ಬಂದ ಕವಿತೆ ಮೊಬೈಲಿನ ಅಗಲಕ್ಕೆ ಮಡಿಚಿಕೊಂಡಿರುತ್ತದೆ. ಕವಿ ಎಲ್ಲಿ ಸಾಲು ಮುರಿದರು, ಫೋನು ಎಲ್ಲಿ ಮುರಿಯಿತು ಎಂದು ಗೊತ್ತಾಗುವುದಿಲ್ಲ.

ಬಂದ ಕವಿತೆಗಳಿಂದ ಹೆಸರು ತೆಗೆದು ಸಂಖ್ಯೆ ಹಾಕಿ ಇಬ್ಬರು ಜೊತೆಗಾರರಿಗೂ ಬೇರೆಬೇರೆಯಾಗಿ ಕೊಡಿ. ಚಿಕ್ಕ ಊರು, ಕವಿ ನಿಮ್ಮ ಮಗಳ ಮೇಷ್ಟ್ರಾಗಿರುತ್ತಾರೆ ಅಥವಾ ಸೊಸೈಟಿ ಅಧ್ಯಕ್ಷರಾಗಿರುತ್ತಾರೆ. ಹೆಸರು ಕಾಣದಿದ್ದರೆ "ಇಬ್ಬರೂ ಬೇಡವೆಂದರು" ಎಂದು ಧೈರ್ಯವಾಗಿ ಹೇಳಬಹುದು. ಬೇಡವಾದದ್ದಕ್ಕೂ ನಲವತ್ತು ದಿನದೊಳಗೆ ಎರಡು ಸಾಲು ಉತ್ತರ ಬರೆಯಿರಿ. 32 ಪುಟದ ಸಂಚಿಕೆಗೆ ಇಪ್ಪತ್ತು ಕವಿತೆ ಸಾಕು.

ಹಕ್ಕಿನ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷದವರೆಗೆ ಕೃತಿಸ್ವಾಮ್ಯ ಇರುತ್ತದೆ. ಕುವೆಂಪು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ನಮ್ಮವರೇ ಎಂದುಕೊಂಡು ಮೊದಲ ಪುಟಕ್ಕೆ ಅವರ ಕವಿತೆ ಹಾಕುವ ರೂಢಿಯಿದೆ. ಅವರು ತೀರಿಕೊಂಡದ್ದು 1994ರಲ್ಲಿ, ಹಾಗಾಗಿ 2054 ಮುಗಿಯುವವರೆಗೆ ಅನುಮತಿ ಬೇಕು. ಬೇಂದ್ರೆಯವರದು 1981, ಲೆಕ್ಕ 2041ಕ್ಕೆ ಬರುತ್ತದೆ. 1946ರಲ್ಲಿ ತೀರಿಕೊಂಡ ಬಿಎಂಶ್ರೀ ಅವರ ಕವಿತೆಗೆ ಈ ತೊಡಕಿಲ್ಲ. ಅನುವಾದವಾದರೆ ಮೂಲದವರ ಒಪ್ಪಿಗೆಯೂ ಬೇಕು, ಅನುವಾದಕರದೂ ಬೇಕು.

5. ಅಳತೆ, ಪುಟ, ತೂಕ

ಡೆಮಿ 1/8 ಎನ್ನುವ ಅಳತೆ ಆರಿಸಿಕೊಳ್ಳಿ. 18×23 ಇಂಚಿನ ಹಾಳೆಯನ್ನು ಮೂರು ಸಲ ಮಡಿಚಿದರೆ 8 ಎಲೆ, 16 ಪುಟ. ಇದಕ್ಕೇ ಅಚ್ಚಿನವರು ಒಂದು ಫಾರಂ ಎನ್ನುವುದು. ಅಂಚು ಕತ್ತರಿಸಿದ ಮೇಲೆ ಪುಟ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ ಉಳಿಯುತ್ತದೆ. ಪುಟಸಂಖ್ಯೆ 16ರ ಮಗ್ಗಿಯಲ್ಲಿರಲಿ: 32 ಅಥವಾ 48. "ಇನ್ನೊಂದೇ ಕವಿತೆ ಇದೆ, 36 ಪುಟ ಮಾಡೋಣ" ಎಂದರೆ ಆ ನಾಲ್ಕು ಪುಟಕ್ಕೆ ಬೇರೆ ಪ್ಲೇಟು (ಅಚ್ಚಿನ ಫಲಕ), ಯಂತ್ರದ ಬೇರೆ ಓಟ. ಆ ಒಂದು ಕವಿತೆ ಮುಂದಿನ ಸಂಚಿಕೆಗೆ ಇರಲಿ.

ಈಗ ತೂಕ. 70 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಲೆಕ್ಕ) ಮ್ಯಾಪ್ಲಿಥೊ ಕಾಗದದಲ್ಲಿ ಈ ಅಳತೆಯ ಒಂದು ಎಲೆ ಸುಮಾರು 2.1 ಗ್ರಾಂ ತೂಗುತ್ತದೆ. 32 ಪುಟ ಎಂದರೆ 16 ಎಲೆ, 34 ಗ್ರಾಂ. 170 ಜಿಎಸ್‌ಎಂ ಆರ್ಟ್ ಪೇಪರಿನ ರಕ್ಷಾಪುಟಕ್ಕೆ 10 ಗ್ರಾಂ. ಒಟ್ಟು 44. ಸ್ಪೀಡ್ ಪೋಸ್ಟಿನ ಮೊದಲ ಮೆಟ್ಟಿಲು 50 ಗ್ರಾಂ, ಹಾಗಾಗಿ ನೆಮ್ಮದಿ ಎನಿಸುತ್ತದೆ. ಆದರೆ ಕಂದು ಲಕೋಟೆಯೊಂದೇ 7 ಗ್ರಾಂ ತೂಗುತ್ತದೆ, 51 ಆಯಿತು! ಇನ್ನೂರು ಪ್ರತಿಗೂ ಮೇಲಿನ ದರ ಬೀಳುತ್ತದೆ.

ಇದಕ್ಕೆ ದಾರಿ ಎರಡು. ಒಳಪುಟವನ್ನು 60 ಜಿಎಸ್‌ಎಂಗೆ ಇಳಿಸಿದರೆ 5 ಗ್ರಾಂ ಉಳಿಯುತ್ತದೆ, ಆದರೆ ಹಿಂಬದಿಯ ಅಕ್ಷರ ಮುಂದಕ್ಕೆ ಇಣುಕುತ್ತದೆ. ಕವಿತೆಯ ಪುಟದಲ್ಲಿ ಖಾಲಿ ಜಾಗ ಹೆಚ್ಚು, ಆ ಖಾಲಿಯಲ್ಲಿ ಹಿಂದಿನ ಪುಟದ ಮಸಿ ಕಾಣುವುದು ಕಣ್ಣಿಗೆ ಹಿತವಲ್ಲ. ಎರಡನೆಯದು, ಲಕೋಟೆ ಬಿಟ್ಟು ಮೂರಿಂಚು ಅಗಲದ ಕಾಗದದ ಪಟ್ಟಿ ಸುತ್ತಿ ಅದರ ಮೇಲೆ ವಿಳಾಸ ಅಂಟಿಸುವುದು. ಪಟ್ಟಿ 2 ಗ್ರಾಂ ದಾಟುವುದಿಲ್ಲ. ಬೇಸಿಗೆ ಸಂಚಿಕೆಗಳಿಗೆ ಇದೇ ಒಳ್ಳೆಯದು. ಹೀಗೆ ಕಳಿಸಬಹುದೇ ಎಂದು ಕೌಂಟರಿನಲ್ಲಿ ಮೊದಲೇ ಕೇಳಿಕೊಳ್ಳಿ. ಆಗಸ್ಟಿನದಕ್ಕೆ ಮಾತ್ರ ಪ್ಲಾಸ್ಟಿಕ್ ಹೊದಿಕೆ ಹಾಕಿ, ಲಕೋಟೆಗೂ ಸೇರಿಸಿ ಮೇಲಿನ ದರ ಕೊಟ್ಟುಬಿಡಿ.

ಲೆಕ್ಕ ಏನೇ ಇರಲಿ, ಮುದ್ರಣಾಲಯದಿಂದ ಅದೇ ಕಾಗದದ ಖಾಲಿ ಪ್ರತಿಯೊಂದನ್ನು (ಡಮ್ಮಿ) ಹೊಲಿಸಿಕೊಂಡು, ಸುತ್ತಿ, ಅಂಚೆ ಕಚೇರಿಯ ತಕ್ಕಡಿಯಲ್ಲೇ ತೂಗಿಸಿ. ಆಮೇಲೆ ಕಾಗದ ಖರೀದಿಸಿ.

6. ಅಕ್ಷರ ಜೋಡಣೆ

ಸುದ್ದಿ ಪತ್ರಿಕೆ ಮಾಡಿದ ಡಿಟಿಪಿಯವರಿಗೆ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವವರಿಗೆ) ಕವಿತೆಯ ಪುಟ ಕಷ್ಟ. ಸಾಲುಗಳು ಎರಡೂ ಬದಿಗೆ ಸಮ ಬರಲಿ ಎಂದು ಎಳೆಯುವುದು ಅವರ ಅಭ್ಯಾಸ, ಇಲ್ಲವೇ ಎಲ್ಲವನ್ನೂ ನಡುವಿಗೆ ತರುವುದು. ಎರಡೂ ಬೇಡ. ಎಡಕ್ಕೆ ಒತ್ತಿ, ಬಲಕ್ಕೆ ಬಿಡಿ.

ಎಡಬಲ ಮುಕ್ಕಾಲು ಇಂಚು ಅಂಚು ಬಿಟ್ಟರೆ ಸಾಲಿಗೆ 4 ಇಂಚು ಸಿಗುತ್ತದೆ. 12 ಪಾಯಿಂಟ್ ಅಕ್ಷರದಲ್ಲಿ ಸುಮಾರು 30 ಅಕ್ಷರ ಹಿಡಿಸುತ್ತದೆ. ಸಾಲುಗಳ ನಡುವಿನ ಅಂತರ 18 ಪಾಯಿಂಟ್ ಇರಲಿ. ಇಂಗ್ಲಿಷಿನ ಲೆಕ್ಕದಂತೆ 14 ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರಕ್ಕೂ ಕೆಳಗಿನ ಸಾಲಿನ ಗುಡಿಸಿಗೂ ಡಿಕ್ಕಿ. "ಸ್ತ್ರೀ", "ರಾಷ್ಟ್ರ" ಬಂದಲ್ಲಿ ನೋಡಿ. ಈ ಅಂತರದಲ್ಲಿ ಪುಟಕ್ಕೆ 28 ಸಾಲು ಬರುತ್ತವೆ, ಶೀರ್ಷಿಕೆಗೂ ಕವಿಯ ಹೆಸರಿಗೂ ನಾಲ್ಕು ಕಳೆದರೆ 24.

24 ಸಾಲು ದಾಟಿದ ಕವಿತೆಯನ್ನು ಎಡಪುಟದಲ್ಲಿ ಶುರುಮಾಡಿ ಬಲಪುಟದಲ್ಲಿ ಮುಗಿಸಿ, ಓದುವವರು ಹಾಳೆ ಮಗುಚಬೇಕಾಗದಂತೆ. ಪುಟದ ಕೊನೆಗೆ ಚರಣ ಮುಗಿಯುವಂತೆ ಬಿಟ್ಟರೆ ಮುಂದಿನದು ಹೊಸ ಚರಣವೋ ಅದೇ ಚರಣದ ಮುಂದುವರಿಕೆಯೋ ಯಾರಿಗೂ ತಿಳಿಯುವುದಿಲ್ಲ. ಒಂದು ಸಾಲು ಹಿಂದೆ ಅಥವಾ ಮುಂದೆ ಒಡೆಯಿರಿ. 30 ಅಕ್ಷರ ಮೀರಿದ ಸಾಲು ಕೆಳಗಿಳಿದಾಗ ಅದನ್ನು ಎರಡಕ್ಷರ ಒಳಗೆ ಸರಿಸಿ, ಹೊಸ ಸಾಲಲ್ಲ ಎಂದು ಗೊತ್ತಾಗಲಿ.

ಷಟ್ಪದಿ ಬರೆಯುವವರು ಈಗಲೂ ಇದ್ದಾರೆ. ಕಡೂರು ಸೀಮೆಯ ದೇವನೂರು ಲಕ್ಷ್ಮೀಶನ ಊರಲ್ಲವೇ! ಅವನ ವಾರ್ಧಕ ಷಟ್ಪದಿಯಲ್ಲಿ 1, 2, 4, 5ನೆಯ ಸಾಲಿಗೆ 20 ಮಾತ್ರೆ, 3 ಮತ್ತು 6ಕ್ಕೆ 32. ಆ ಉದ್ದದ ಸಾಲು 4 ಇಂಚಿನಲ್ಲಿ ಬಿಗಿಯಾಗುತ್ತದೆ. ಆ ಪದ್ಯಕ್ಕೆ ಮಾತ್ರ 11 ಪಾಯಿಂಟ್ ಮಾಡಿ, ಸಾಲು ಮುರಿಯಬೇಡಿ. ಗಜಲ್ ಬಂದರೆ ಪ್ರತಿ ಎರಡು ಸಾಲಿನ ಜೋಡಿ (ಶೇರ್) ಮುಗಿದ ಮೇಲೆ ಖಾಲಿ ಉಳಿಸಿ. ಅದನ್ನು ಮುಚ್ಚಿದರೆ ಶೇರ್‌ಗಳು ಒಂದಕ್ಕೊಂದು ಅಂಟಿಕೊಂಡು ಗಜಲಿನ ಕಟ್ಟೇ ಹೋಗುತ್ತದೆ.

7. ಪ್ರೂಫ್

ಕೆಲವು ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಪುಟ ಜೋಡಿಸುವ ಹಳೆಯ ತಂತ್ರಾಂಶ ಪೇಜ್‌ಮೇಕರ್ ಮತ್ತು ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳೇ ಇವೆ. ಕವಿಗಳು ಕಳಿಸಿದ್ದು ಯೂನಿಕೋಡ್. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವಾಗ ಅರ್ಕಾವತ್ತು ಜಾಗ ಬಿಟ್ಟು ಸರಿಯುತ್ತದೆ. "ಸೂರ್ಯ" ಹೋಗಿ "ಸೂಯರ್" ಆಗುತ್ತದೆ, "ಧರ್ಮ" ಹೋಗಿ "ಧಮರ್", "ಪೂರ್ಣ" ಹೋಗಿ "ಪೂಣರ್". ಪಠ್ಯ ಯೂನಿಕೋಡ್‌ಗೆ ಬಂದ ಮೇಲೆ "ಯರ್", "ಮರ್", "ವರ್", "ಣರ್" ಎಂದು ಒಂದೊಂದಾಗಿ ಹುಡುಕಿಸಿ. ಅರ್ಧ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಸಾಧ್ಯವಿದ್ದರೆ ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಫಾಂಟ್ ಬಳಸುವವರ ಬಳಿಯೇ ಹೋಗಿ, ಈ ತಾಪತ್ರಯ ಇರುವುದಿಲ್ಲ.

ಇನ್ನೆರಡು ಕಣ್ತಪ್ಪು. ಅನುಸ್ವಾರದ ಬದಲು ಸೊನ್ನೆ ಅಂಕಿ ಒತ್ತಿರುತ್ತಾರೆ, ನೋಡಲು ಒಂದೇ ಥರ ಇದ್ದು ಫಾಂಟ್ ಬದಲಿಸಿದಾಗ ದಪ್ಪಗೆ ಎದ್ದು ಕಾಣುತ್ತದೆ. "ಎಸ್ಟೇಟ್‌ನಲ್ಲಿ" ಎಂಬಲ್ಲಿ ಕಾಣದ ಒಂದು ಚಿಹ್ನೆ ಇರುತ್ತದೆ, ನಕಲು ಮಾಡುವಾಗ ಅದು ಉದುರಿ "ಎಸ್ಟೇಟ್ನಲ್ಲಿ" ಎಂದು ಒತ್ತಾಗುತ್ತದೆ.

ಆಡುಮಾತಿನ ಕವಿತೆಗೆ ಇನ್ನೂ ದೊಡ್ಡ ಅಪಾಯ ಡಿಟಿಪಿಯವರ ಒಳ್ಳೆಯತನದಿಂದಲೇ ಬರುತ್ತದೆ. ಕವಿ "ಅಟ್ಟಿ" ಎಂದು ಬರೆದಿರುತ್ತಾರೆ. ಪಾಪ, ತಪ್ಪಾಗಿದೆ ಎಂದು ಅವರು "ಹಟ್ಟಿ" ಮಾಡುತ್ತಾರೆ. "ಓಗ್ತೀನಿ" ಎಂಬುದು "ಹೋಗ್ತೀನಿ" ಆಗುತ್ತದೆ. ಅಂಥ ಕವಿತೆಯ ಮೇಲೆ ಕೆಂಪು ಶಾಯಿಯಲ್ಲಿ "ಇದ್ದಂತೆ" ಎಂದು ಬರೆದು, ಮುಟ್ಟಬಾರದ ಪದಗಳ ಪಟ್ಟಿ ಕೊಡಿ.

ಕೊನೆಯ ಪ್ರೂಫನ್ನು ಒಬ್ಬರೇ ನೋಡಬೇಡಿ. ಒಬ್ಬರು ಕವಿಯ ಮೂಲ ಹಿಡಿದು ಗಟ್ಟಿಯಾಗಿ ಓದಲಿ, ಸಾಲು ಮುಗಿದಾಗ "ಗೆರೆ", ಚರಣ ಮುಗಿದಾಗ "ಖಾಲಿ" ಎನ್ನಲಿ. ಇನ್ನೊಬ್ಬರು ಪ್ರೂಫಿನಲ್ಲಿ ಬೆರಳಿಟ್ಟುಕೊಂಡು ಹೋಗಲಿ. 32 ಪುಟಕ್ಕೆ ಒಂದೂವರೆ ಗಂಟೆ ಹಿಡಿಯುತ್ತದೆ. ಆಮೇಲೆ ಪ್ರತಿ ಕವಿಗೂ ಅವರವರ ಪುಟದ ಚಿತ್ರ ಕಳಿಸಿ, ಎರಡು ದಿನ ಕೊಡಿ. ಹೊಸ ಸಾಲು ಸೇರಿಸಲು ಕೇಳಿದರೆ ಇಲ್ಲ ಎನ್ನಿ.

8. ಅಚ್ಚು

ಮೂರು ಕಡೆ ದರ ಕೇಳಿ, ಮೂವರಿಗೂ ಒಂದೇ ವಿವರ ಬರೆದುಕೊಡಿ: ಡೆಮಿ 1/8, 32 ಪುಟ ಒಂದೇ ಬಣ್ಣ, 70 ಜಿಎಸ್‌ಎಂ, ರಕ್ಷಾಪುಟ 170 ಜಿಎಸ್‌ಎಂ, ನಡುವೆ ಎರಡು ಪಿನ್, 300 ಪ್ರತಿ. ಆಫ್‌ಸೆಟ್‌ನಲ್ಲಿ ಪ್ಲೇಟಿನ ಖರ್ಚು ನೂರು ಪ್ರತಿಗೂ ಒಂದೇ, ಮುನ್ನೂರಕ್ಕೂ ಒಂದೇ. ನೂರೇ ಸಾಕೆಂದರೆ ಡಿಜಿಟಲ್ ಕೇಳಿ ನೋಡಿ. ಮುನ್ನೂರರಲ್ಲಿ ಇನ್ನೂರು ಚಂದಾದಾರರಿಗೆ, ಕವಿಗಳಿಗೆ ತಲಾ ಎರಡರಂತೆ ಒಟ್ಟು ನಲವತ್ತು, ಕೆಲವು ಗ್ರಂಥಾಲಯಗಳಿಗೆ. ಉಳಿದವು ವರ್ಷದ ನಡುವೆ ಸೇರಿ "ಹಿಂದಿನ ಸಂಚಿಕೆ ಇದೆಯೇ?" ಎನ್ನುವವರಿಗೆ.

ಮಲೆನಾಡಿನ ಓದುಗರಿದ್ದರೆ ಪಿನ್ ತುಕ್ಕು ಹಿಡಿಯದ್ದೇ ಆಗಬೇಕು ಎಂದು ಮೊದಲೇ ಹೇಳಿ. ಸಾದಾ ಪಿನ್ ಒಂದು ಮಳೆಗಾಲ ಕಳೆಯುವುದರಲ್ಲಿ ನಡುಪುಟದ ಕವಿತೆಯ ಮೇಲೆ ಕಂದು ಕಲೆ ಬಿಡುತ್ತದೆ. 32 ಪುಟದ ತೆಳು ಪುಸ್ತಕಕ್ಕೆ ಅಂಟು ಬೈಂಡಿಂಗ್ ಮಾಡಿಸಬೇಡಿ, ಬೆನ್ನಿಗೆ ಅಂಟು ಹಿಡಿಯುವಷ್ಟು ದಪ್ಪವೇ ಇರುವುದಿಲ್ಲ. ಕಟ್ಟುಗಳನ್ನು ನೆಲದ ಮೇಲೆ, ಗೋಡೆಗೆ ತಾಗಿಸಿ ಇಡಬೇಡಿ. ಜುಲೈನಲ್ಲಿ ಸಕಲೇಶಪುರದ ಗೋಡೆಗೆ ಒರಗಿಸಿಟ್ಟ ಕಾಗದ ವಾರದಲ್ಲಿ ಅಲೆಯಾಗುತ್ತದೆ.

ಮುದ್ರಕರು, ಪ್ರಕಾಶಕರು, ಸಂಪಾದಕರು ಯಾರು, ಎಲ್ಲಿ ಅಚ್ಚಾಯಿತು, ಎಲ್ಲಿಂದ ಪ್ರಕಟವಾಯಿತು ಎಂಬ ಸಾಲು ಒಳಗೆ ಇದೆಯೇ ಎಂದು ಅಚ್ಚಿಗೆ ಮುಂಚೆ ಇನ್ನೊಮ್ಮೆ ನೋಡಿ.

9. ಅಂಚೆ

ಹಿರಿಯರು "ಬುಕ್‌ಪೋಸ್ಟ್ ಮಾಡಿಬಿಡಿ" ಎನ್ನುತ್ತಾರೆ, ಕಾಲ ಬದಲಾಗಿದೆ. ಮುದ್ರಿತ ಪುಸ್ತಕಗಳ ರಿಯಾಯಿತಿ ನೋಂದಾಯಿತ ಅಂಚೆ 2024ರ ಡಿಸೆಂಬರಿನಲ್ಲಿ ನಿಂತಿತು. 2025ರ ಮೇ 1ರಿಂದ ಬಂದ ಜ್ಞಾನ ಪೋಸ್ಟ್ ಪುಸ್ತಕಗಳಿಗೆ, ನಿಯತಕಾಲಿಕಗಳಿಗಲ್ಲ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿದೆ. ಇನ್ನು ಪತ್ರಿಕೆಗಳ ರಿಯಾಯಿತಿ ದರ: 1898ರ ಹಳೆಯ ಅಂಚೆ ಕಾಯ್ದೆಯಲ್ಲಿ ಅದು 31 ದಿನದೊಳಗೆ ಒಂದು ಸಂಚಿಕೆ ತರುವವರಿಗಷ್ಟೇ ಇತ್ತು, ತ್ರೈಮಾಸಿಕಗಳಿಗೆ ದಕ್ಕುತ್ತಿರಲಿಲ್ಲ. ಆ ರಿಯಾಯಿತಿ ನಂಬಿ ಚಂದಾ ಹಣ ನಿಗದಿ ಮಾಡಬೇಡಿ; ಪ್ರಧಾನ ಅಂಚೆ ಕಚೇರಿಯಲ್ಲಿ ಡಮ್ಮಿ ಇಟ್ಟು ಈಗಿನ ದರ ಕೇಳಿ, ಅದನ್ನು ನಾಲ್ಕರಿಂದ ಗುಣಿಸಿ ಚಂದಾದಲ್ಲಿ ಸೇರಿಸಿ.

ಪ್ರತಿಗಳನ್ನು ಪಿನ್ ಪ್ರಕಾರ ಕಟ್ಟು ಮಾಡಿ, 573 ಒಂದು, 577 ಒಂದು, ಉಳಿದದ್ದು ಇನ್ನೊಂದು. ಕೌಂಟರಿನವರಿಗೂ ಉಪಕಾರ. ಸೋಮವಾರ ಬೆಳಿಗ್ಗೆ ಇನ್ನೂರು ಪ್ರತಿ ಹೊತ್ತು ಹೋಗಬೇಡಿ, ಬುಧವಾರ ಮಧ್ಯಾಹ್ನ ಹೋಗಿ.

10. ಓದಿಸುವುದು

ಸಂಚಿಕೆ ತಲುಪಿದ ಮೂರನೆಯ ವಾರ ಹತ್ತು ಹನ್ನೆರಡು ಓದುಗರನ್ನು ಕೂರಿಸಿ. ವೇದಿಕೆ, ಹಾರ, ಮೈಕು ಬೇಡ. ಯಾರದಾದರೂ ಜಗುಲಿ, ಕಾಫಿ ಸಾಕು. ಒಂದೂವರೆ ಗಂಟೆಗೆ ಮೂರು ಕವಿತೆ. ಒಂದೊಂದನ್ನೂ ಇಬ್ಬರು ಬೇರೆಬೇರೆ ಓದಲಿ. ಕವಿ ಅಲ್ಲಿದ್ದರೆ ಕೊನೆಯವರೆಗೂ ಬಾಯಿ ಬಿಡಬಾರದು. ಮೊದಲೇ ಅರ್ಥ ಹೇಳಿಬಿಟ್ಟರೆ ಉಳಿದವರು "ಚೆನ್ನಾಗಿದೆ ಸಾರ್" ಎಂದು ಎದ್ದುಹೋಗುತ್ತಾರೆ. ಯಾವ ಸಾಲಿಗೆ ಎಲ್ಲರೂ ತಡವರಿಸಿದರು ಎಂದು ಗುರುತು ಹಾಕಿಕೊಳ್ಳಿ. ಅಲ್ಲಿ ಕವಿತೆಯೇ ಕಷ್ಟವಿರಬಹುದು, ಅಚ್ಚಿನ ತಪ್ಪೂ ಇರಬಹುದು.

ಅದೇ ವಾರ ಹಿಂದಿರುಗಿ ಬಂದ ಪ್ರತಿಗಳನ್ನು ಎದುರಿಗಿಟ್ಟುಕೊಂಡು ರಿಜಿಸ್ಟರ್ ತಿದ್ದಿ. "ವಿಳಾಸದಾರರು ಇಲ್ಲ" ಎಂದು ಬಂದಿದ್ದರೆ ಮೊಬೈಲಿಗೆ ಕರೆ ಮಾಡಿ, ಮಗನ ಮನೆಗೆ ಮೈಸೂರಿಗೆ ಹೋಗಿರುತ್ತಾರೆ. ನಾಲ್ಕನೆಯ ಸಂಚಿಕೆಯ ವಿಳಾಸ ಚೀಟಿಯ ಮೇಲೆ "ನಿಮ್ಮ ಚಂದಾ ಈ ಸಂಚಿಕೆಗೆ ಮುಗಿಯಿತು" ಎಂದು ಮುದ್ರೆ ಒತ್ತಿ, ಒಳಗೆ ಕ್ಯೂಆರ್ ಕೋಡಿನ ಒಂದು ತುಂಡು ಕಾಗದ ಇಡಿ. ಅದು ಒಂದು ಗ್ರಾಂ. ತೂಕದ ಲೆಕ್ಕಕ್ಕೆ ಸೇರಿಸುವುದನ್ನು ಮರೆಯಬೇಡಿ.